ಕಲಿತವರನ್ನು ಲೈನಿಗೆ ಹೋದ ಮೇಲೆ ಕೇಳಿ: ಗಾರ್ಮೆಂಟ್ ಕಾರ್ಖಾನೆಗಳ ತರಬೇತಿ ಮುಖ್ಯಸ್ಥರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯಿಂದ ಹಿಡಿದು ದೊಡ್ಡಬಳ್ಳಾಪುರ, ರಾಮನಗರ, ಮದ್ದೂರು, ಹಾಸನ, ಶಿವಮೊಗ್ಗದವರೆಗೆ ಗಾರ್ಮೆಂಟ್ ಕಾರ್ಖಾನೆಗಳಲ್ಲಿ ತರಬೇತಿ ವಿಭಾಗ ನಡೆಸುತ್ತಿರುವ ನಿಮಗೆಲ್ಲ ಈ ಪತ್ರ. ಮೋಟಾರ್ ಮೆಷಿನ್ನಿನ ಮುಂದೆ ಎಂದೂ ಕೂತಿರದ ಹೆಣ್ಣುಮಕ್ಕಳನ್ನು ಕೆಲವೇ ವಾರಗಳಲ್ಲಿ ಟೈಲರ್ ಮಾಡಿ ಲೈನಿಗೆ ಕಳಿಸುವವರು ನೀವು. ಆ ಕೆಲಸ ಎಷ್ಟು ಕಷ್ಟದ್ದು, ಮೇಲಿನವರಿಂದ ಅದಕ್ಕೆ ಸಿಗುವ ಮರ್ಯಾದೆ ಎಷ್ಟು ಕಡಿಮೆ ಎಂಬುದು ಬಹಳ ವರ್ಷ ಅದೇ ಕೊಠಡಿಗಳಲ್ಲಿ ನಿಂತು ಕಲಿಸಿದ ನನಗೆ ಗೊತ್ತು. ಅದಕ್ಕೇ ನಿಮಗೇ ಬರೆಯುತ್ತಿದ್ದೇನೆ. ಟ್ರೈನರ್‌ಗಳು ಚೆನ್ನಾಗಿ ಕಲಿಸುತ್ತಿದ್ದಾರೆಯೇ ಎಂದು ತಿಳಿಯಲು ನಾವು ಕಲಿಯುವವರ ಅಭಿಪ್ರಾಯ ಕೇಳುತ್ತೇವೆ. ಆದರೆ ಕೇಳಬಾರದ ದಿನ, ಕೇಳಬಾರದವರ ಕೈಯಲ್ಲಿ, ಉತ್ತರದಿಂದ ಏನೂ ತಿಳಿಯದಂಥ ಪ್ರಶ್ನೆಗಳನ್ನು ಕೇಳಿಸುತ್ತೇವೆ. ಇದನ್ನು ಬದಲಿಸಿ ಎಂಬುದೇ ನನ್ನ ಕೋರಿಕೆ.

ತರಬೇತಿಯ ಕೊನೆಯ ದಿನ ಏನಾಗುತ್ತದೆ ಎಂದು ನಮಗೆಲ್ಲ ಗೊತ್ತು. ಊಟದ ಹೊತ್ತಿಗೆ ಎಚ್‌ಆರ್ ಕಡೆಯಿಂದ ಒಂದು ಕಟ್ಟು ಫಾರಂ ಬರುತ್ತದೆ. ತರಬೇತಿ ಹೇಗಿತ್ತು, ಟ್ರೈನರ್ ಹೇಗಿದ್ದರು, ಕೊಠಡಿ ಹೇಗಿತ್ತು. ಎದುರಿಗೆ ಒಂದರಿಂದ ಐದರವರೆಗೆ ಅಂಕಿ, ಇಲ್ಲವೇ ನಗುವ ಮುಖ, ಅಳುವ ಮುಖ. ಎಷ್ಟೋ ಕಡೆ ಫಾರಂ ಇಂಗ್ಲಿಷಿನಲ್ಲೇ ಇರುತ್ತದೆ. ಓದಲು ಬಾರದವರ ಪಕ್ಕದಲ್ಲಿ ಟ್ರೈನರೇ ನಿಂತು ಎಲ್ಲಿ ಟಿಕ್ ಹಾಕಬೇಕೆಂದು ತೋರಿಸುತ್ತಾರೆ. ಹತ್ತು ನಿಮಿಷದಲ್ಲಿ ಇಡೀ ಬ್ಯಾಚಿನದು ಮುಗಿದು ಫೈಲ್ ಸೇರುತ್ತದೆ. ಬೈಯರ್ ಕಡೆಯ ಆಡಿಟ್‌ನವರು ಬಂದಾಗ ಫೈಲ್ ಹೊರಬರುತ್ತದೆ; ಅವರು ಸಹಿ, ದಿನಾಂಕ ನೋಡಿ ಮುಂದಕ್ಕೆ ಹೋಗುತ್ತಾರೆ. ಆ ಫೈಲಿನ ಪ್ರಕಾರ ನಮ್ಮ ಟ್ರೈನರ್‌ಗಳೆಲ್ಲರೂ ಐದಕ್ಕೆ ಐದು. ಅದೇ ಹೊತ್ತಿಗೆ ಲೈನಿನಲ್ಲಿ ಹೊಸ ಟೈಲರ್ ಹೊಲಿದ ಕಫ್‌ಗಳು ಆಲ್ಟರ್‌ಗೆ ವಾಪಸ್ ಬರುತ್ತಿರುತ್ತವೆ. ಬೈಗುಳ ತಾಳಲಾರದೆ ಎಷ್ಟೋ ಮಂದಿ ಮೊದಲ ಸಂಬಳ ತೆಗೆದುಕೊಂಡು ಕೆಲಸ ಬಿಟ್ಟು ಹೋಗುತ್ತಾರೆ.

ಟಿಕ್ ಹಾಕಿದವರ ಮೇಲೆ ನನ್ನ ದೂರಿಲ್ಲ. ಅವರ ಜಾಗದಲ್ಲಿ ನಿಂತು ನೋಡಿ. ಹೆಲ್ಪರ್ ಆಗಿಯೇ ಇಡಬೇಕೋ ಟೈಲರ್ ಎಂದು ಬರೆಯಬೇಕೋ, ಯಾವ ಗ್ರೇಡ್, ಯಾವ ಲೈನ್ ಎಂಬುದೆಲ್ಲ ಬಹುಮಟ್ಟಿಗೆ ಟ್ರೈನರ್ ಮಾತಿನ ಮೇಲೆ ನಿಂತಿದೆ. ಸಂಬಳ ಗ್ರೇಡ್ ಮೇಲೆ ನಿಂತಿದೆ. ಅಂಥವರು ಎದುರಿಗಿರುವಾಗ ಯಾರು ತಾನೇ ಮೂರಕ್ಕೆ ಟಿಕ್ ಹಾಕುತ್ತಾರೆ? ಅಲ್ಲದೆ ಉಂಡ ಮನೆಯ ಜಂತೆ ಎಣಿಸಬಾರದು ಎಂದು ಕೇಳಿ ಬೆಳೆದವರು ಅವರು. ಕಲಿಸಿದವರ ಕುಂದು ಹೇಳುವುದು ಕೃತಘ್ನತೆ ಎಂದೇ ತಿಳಿದಿರುತ್ತಾರೆ. ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ತರಬೇತಿ ಮುಗಿದ ದಿನ ಅವರು ಲೈನ್ ಕಂಡೇ ಇರುವುದಿಲ್ಲ. ಮುಂದಿನವರ ಕೈಯಿಂದ ಬಂಡಲ್ ಬಂದು ಬೀಳುತ್ತಿರುವಾಗ, ಗಂಟೆ ಗಂಟೆಗೂ ಬೋರ್ಡ್ ಮೇಲೆ ಟಾರ್ಗೆಟ್ ಬರೆಯುತ್ತಿರುವಾಗ, ಕಲಿತದ್ದು ಸಾಕಾಗುತ್ತದೆಯೇ ಎಂಬುದು ಆ ದಿನ ಅವರಿಗೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಕೇಳಿದರೆ ಮನಸ್ಸಿಗೆ ಹಿತವಾಗಿತ್ತೇ ಇಲ್ಲವೇ ಎಂಬುದನ್ನಷ್ಟೇ ಹೇಳಬಲ್ಲರು.

ಹಿತವಾಗುವುದಕ್ಕೂ ಕಲಿಯುವುದಕ್ಕೂ ನಡುವೆ ಎಷ್ಟು ಅಂತರ ಇರಬಲ್ಲದು ಎಂಬುದಕ್ಕೆ ಹಳೆಯದೊಂದು ಪ್ರಯೋಗವಿದೆ. 1970ರಲ್ಲಿ ಅಮೆರಿಕದಲ್ಲಿ ಕೆಲವು ಸಂಶೋಧಕರು ಮೈಕೆಲ್ ಫಾಕ್ಸ್ ಎಂಬ ನಟನನ್ನು ‘ಡಾ. ಮೈರನ್ ಫಾಕ್ಸ್’ ಎಂದು ಪರಿಚಯಿಸಿ ಮನೋವೈದ್ಯರು, ಶಿಕ್ಷಣತಜ್ಞರು ಮುಂತಾದವರ ಮುಂದೆ ಉಪನ್ಯಾಸ ಕೊಡಿಸಿದರು. ವಿಷಯ, ಗಣಿತದ ಗೇಮ್ ಥಿಯರಿಯನ್ನು ವೈದ್ಯರ ಶಿಕ್ಷಣಕ್ಕೆ ಅನ್ವಯಿಸುವುದು. ಆತನಿಗೆ ಅದರ ಗಂಧವೂ ಇರಲಿಲ್ಲ. ಒಂದಕ್ಕೊಂದು ಹೊಂದದ ಮಾತುಗಳನ್ನು ಬಹಳ ಆತ್ಮವಿಶ್ವಾಸದಿಂದ, ಹಾಸ್ಯ ಬೆರೆಸಿ ಹೇಳುವಂತೆ ಆತನನ್ನು ತಯಾರು ಮಾಡಿದ್ದರು. ಬೇರೆ ಬೇರೆ ಮೂರು ಗುಂಪುಗಳಲ್ಲಿ ಒಟ್ಟು 55 ಮಂದಿ ಅದನ್ನು ಕೇಳಿ, ನೋಡಿ ಫಾರಂ ತುಂಬಿದರು. ಬಹುಪಾಲು ಮೆಚ್ಚುಗೆಯೇ. 1973ರಲ್ಲಿ ಇದು ಪ್ರಕಟವಾಯಿತು. ಓದು ಬರಹದಲ್ಲೇ ಮುಳುಗಿದ್ದ ಆ ಜನರಿಗೇ ಮೋಸವಾಗುವುದಾದರೆ, ಮೊದಲ ಸಲ ಕಾರ್ಖಾನೆಯ ಗೇಟು ದಾಟಿದ ಹುಡುಗಿಯ ಟಿಕ್ ಮೇಲೆ ನಾವು ಅಷ್ಟೊಂದು ಭಾರ ಹಾಕುವುದು ಸರಿಯಲ್ಲ.

ಇನ್ನೊಂದು ಅಧ್ಯಯನ ನನ್ನನ್ನು ಹೆಚ್ಚು ಕಾಡಿದೆ, ಏಕೆಂದರೆ ಅದು ಒಳ್ಳೆಯ ಟ್ರೈನರ್‌ಗಳಿಗೇ ಪೆಟ್ಟು ಬೀಳುವುದನ್ನು ತೋರಿಸುತ್ತದೆ. ಅಮೆರಿಕದ ವಾಯುಪಡೆಯ ಅಕಾಡೆಮಿಯ ಕಡ್ಡಾಯ ಕೋರ್ಸುಗಳಲ್ಲಿ ಯಾವ ವಿದ್ಯಾರ್ಥಿ ಯಾರ ತರಗತಿಗೆ ಎಂಬುದನ್ನು ವಿದ್ಯಾರ್ಥಿ ಆರಿಸಿಕೊಳ್ಳುವಂತಿಲ್ಲ. ಪರೀಕ್ಷೆ ಎಲ್ಲರಿಗೂ ಒಂದೇ. ಅಲ್ಲಿನ ಹತ್ತು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ಲೆಕ್ಕ ಹಿಡಿದು ಕ್ಯಾರೆಲ್ ಮತ್ತು ವೆಸ್ಟ್ ಎಂಬ ಅರ್ಥಶಾಸ್ತ್ರಜ್ಞರು 2010ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಆಗಿನ ಕೋರ್ಸಿನಲ್ಲಿ ಒಳ್ಳೆಯ ಅಂಕ ಬರುವಂತೆ ಕಲಿಸಿದವರಿಗೆ ವಿದ್ಯಾರ್ಥಿಗಳು ಹೆಚ್ಚು ಮೆಚ್ಚುಗೆ ಕೊಟ್ಟಿದ್ದರು. ಅದೇ ವಿಷಯದ ಮುಂದಿನ ಕೋರ್ಸಿನಲ್ಲೂ ಗಟ್ಟಿಯಾಗಿ ನಿಲ್ಲುವಂತೆ ಕಲಿಸಿದವರಿಗೆ ಸಿಕ್ಕ ಮೆಚ್ಚುಗೆ ಕಡಿಮೆ. ನಮ್ಮ ಕೊಠಡಿಯಲ್ಲಿ ಇದನ್ನು ದಿನವೂ ಕಾಣಬಹುದು. ಗೆರೆ ಹಾಕಿದ ಕಾಗದದ ಮೇಲೆ ದಾರವಿಲ್ಲದೆ ಹೊಲಿಸುವ ಅಭ್ಯಾಸದಲ್ಲಿ ಸ್ವಲ್ಪ ಅಂಕುಡೊಂಕಾದರೂ ‘ಪರವಾಗಿಲ್ಲ ಬಿಡಿ’ ಎನ್ನುವ ಟ್ರೈನರ್ ಎಲ್ಲರಿಗೂ ಇಷ್ಟ. ಹೊಲಿದದ್ದನ್ನು ಬಿಚ್ಚಿಸಿ ಮತ್ತೆ ಹೊಲಿಸುವವರು, ಕಾಲು ಪೆಡಲ್ ಮೇಲೆ ಹದಕ್ಕೆ ಬರುವ ತನಕ ಮುಂದಿನ ಪಾಠಕ್ಕೆ ಬಿಡದವರು ಇಷ್ಟವಾಗುವುದು ನಿಧಾನ. ಕೊನೆಯ ದಿನದ ಫಾರಂ ಆ ಎರಡನೆಯವರನ್ನು ಹಿಂದಕ್ಕೆ ತಳ್ಳುತ್ತದೆ.

ಹಾಗೆಂದು ಕೇಳುವುದನ್ನೇ ಬಿಡೋಣವೇ? ಖಂಡಿತ ಬೇಡ. ಕೇಳುವ ಮಾತು ಬದಲಾದರೆ ಉತ್ತರದ ಬೆಲೆಯೂ ಬದಲಾಗುತ್ತದೆ. 1997ರಲ್ಲಿ ಆಲಿಗರ್ ಮತ್ತು ಸಂಗಡಿಗರು ಅದುವರೆಗಿನ 34 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ‘ಇಷ್ಟವಾಯಿತೇ’ ಎಂಬುದಕ್ಕೆ ಬಂದ ಉತ್ತರಕ್ಕೂ ಕೆಲಸದಲ್ಲಿ ಆಮೇಲೆ ಕಂಡ ಬದಲಾವಣೆಗೂ ಹೆಚ್ಚಿನ ನಂಟು ಇರಲಿಲ್ಲ. ‘ನಿಮ್ಮ ಕೆಲಸಕ್ಕೆ ಉಪಯೋಗವಾಗುತ್ತದೆಯೇ’ ಎಂಬುದಕ್ಕೆ ಬಂದ ಉತ್ತರದಲ್ಲಿ ಆ ನಂಟು ಹೆಚ್ಚು ಕಂಡಿತು. ಇಷ್ಟು ಸಣ್ಣ ಬದಲಾವಣೆಗೇ ಇಷ್ಟು ಫಲ.

ಕಲಿಯುವವರಿಗೆ ಮಾತ್ರ ಗೊತ್ತಿರುವುದನ್ನು ಅವರಿಂದ ಕೇಳಬೇಕು ಎಂಬುದು ನನ್ನ ನಂಬಿಕೆ. ಟ್ರೈನರ್‌ಗೆ ವಿಷಯ ಎಷ್ಟು ಗೊತ್ತು ಎಂದು ಮೊನ್ನೆ ಮೊನ್ನೆ ಬಾಬಿನ್ ಹಾಕಲು ಕಲಿತವರು ಹೇಗೆ ಹೇಳಬೇಕು? ಅದನ್ನು ನೋಡಬೇಕಾದವರು ನೀವು. ಆದರೆ ಆ ಕೊಠಡಿಯಲ್ಲಿ ಅವರ ಕಣ್ಣೆದುರು, ಅವರ ಕೈಯಲ್ಲಿ ಏನು ನಡೆಯಿತು ಎಂಬುದಕ್ಕೆ ಅವರಿಗಿಂತ ದೊಡ್ಡ ಸಾಕ್ಷಿ ಇಲ್ಲ. ದಿನದಲ್ಲಿ ಎಷ್ಟು ಹೊತ್ತು ಮೆಷಿನ್ ನಿಮ್ಮ ಕೈಗೆ ಸಿಕ್ಕಿತು, ಎಷ್ಟು ಹೊತ್ತು ಸರದಿಗೆ ಕಾದಿರಿ? ತಿಳಿಯದಿದ್ದಾಗ ಎರಡನೇ ಸಲ ಕೇಳಲು ಧೈರ್ಯ ಬಂತೇ? ಕೇಳಿದಾಗ ಏನಂದರು? ಪಾಠ ಯಾವ ಭಾಷೆಯಲ್ಲಿ ನಡೆಯಿತು, ನಿಮಗೆ ಅದು ಪೂರಾ ಅರ್ಥವಾಗುತ್ತಿತ್ತೇ? ಒಡಿಶಾ, ಜಾರ್ಖಂಡ್ ಕಡೆಯ ಹುಡುಗಿಯರು ನಮ್ಮ ಬ್ಯಾಚುಗಳಲ್ಲಿ ಹೆಚ್ಚುತ್ತಿರುವ ಈ ಕಾಲದಲ್ಲಿ ಆ ಕೊನೆಯ ಪ್ರಶ್ನೆಯನ್ನು ಅವರ ಮಾತಿನಲ್ಲೇ ಕೇಳಬೇಕು. ತಲೆಯಾಡಿಸುವುದನ್ನು ಅರ್ಥವಾಯಿತು ಎಂದುಕೊಂಡು ಮುಂದೆ ಸಾಗುವ ಅಭ್ಯಾಸ ಕಲಿಸುವವರಿಗೆಲ್ಲ ಬಹಳ ಬೇಗ ಅಂಟಿಕೊಳ್ಳುತ್ತದೆ.

ಸೂಜಿ ಮುರಿದಾಗ ಮಾಡಬೇಕಾದ ಕೆಲಸವನ್ನೇ ತೆಗೆದುಕೊಳ್ಳಿ. ಮುರಿದ ಚೂರುಗಳನ್ನೆಲ್ಲ ಹುಡುಕಿ, ಜೋಡಿಸಿ, ರಿಜಿಸ್ಟರ್‌ನಲ್ಲಿ ಅಂಟಿಸಿದ ಮೇಲೆಯೇ ಹೊಸ ಸೂಜಿ. ಒಂದು ಚೂರು ಸಿಗದಿದ್ದರೂ ಸುತ್ತಲಿನ ಬಟ್ಟೆಯನ್ನೆಲ್ಲ ತೆಗೆದಿಟ್ಟು ತಪಾಸಣೆ ಮಾಡಬೇಕು. ಮಗುವಿನ ಅಂಗಿಯಲ್ಲಿ ಸೂಜಿಯ ತುದಿ ಉಳಿದರೆ ಏನಾದೀತೆಂದು ವಿವರಿಸಬೇಕಿಲ್ಲ. ‘ಸೂಜಿಯ ನಿಯಮ ಹೇಳಿಕೊಟ್ಟರೇ?’ ಎಂದು ಕೇಳಿದರೆ ಎಲ್ಲರೂ ಹೌದು ಎನ್ನುತ್ತಾರೆ. ಅದು ನಿಜವೂ ಹೌದು, ಹೇಳಿರುತ್ತಾರೆ. ‘ನಿಮ್ಮ ಕೈಯಾರೆ ಒಂದು ಸಲ ಮಾಡಿ ನೋಡಿದ್ದೀರಾ?’ ಎಂದು ಕೇಳಿದರೆ ಕೊಠಡಿಯಲ್ಲಿ ಅರ್ಧಕ್ಕರ್ಧ ಮಂದಿ ಸುಮ್ಮನಾಗಬಹುದು. ಬೆರಳಿಗೆ ಸೂಜಿ ಹೊಗದಂತೆ ತಡೆಯುವ ಗಾರ್ಡ್, ಬೆಂಕಿ ಬಿದ್ದಾಗ ಹೊರಗೆ ಹೋಗುವ ದಾರಿ, ಇವಕ್ಕೂ ಇದೇ ಮಾತು. ಆರೋಗ್ಯ, ಸುರಕ್ಷತೆಯ ಬಗ್ಗೆ ತರಬೇತಿ ಪಡೆಯುವುದು ಕಾರ್ಮಿಕರ ಹಕ್ಕು ಎಂದು ಕಾರ್ಖಾನೆ ಕಾಯ್ದೆಗೆ 1987ರಲ್ಲಿ ಸೇರಿದ 111ಎ ಕಲಮು ಹೇಳಿತು. ಹಕ್ಕು ಸಂದಿತೋ ಇಲ್ಲವೋ ಎಂದು ಹಕ್ಕುದಾರರನ್ನೇ ಕೇಳಬೇಕಲ್ಲವೇ?

ಕೇಳುವ ರೀತಿ ಬದಲಾದರೆ ಏನಾಗುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಂದು ಕಾರ್ಖಾನೆಯಲ್ಲಿ ಕಾಲರ್ ಕೂರಿಸಿದ ಹೊಸಬರೆಲ್ಲ ತುದಿ ತಿರುಗಿಸುವಲ್ಲೇ ತಪ್ಪುತ್ತಿದ್ದರು. ಟ್ರೈನರ್ ಸಮಾಧಾನದ ಹೆಣ್ಣುಮಗಳು, ಕೈಕೆಲಸದಲ್ಲಿ ಆಕೆಯನ್ನು ಮೀರಿಸುವವರು ಆ ಯೂನಿಟ್‌ನಲ್ಲೇ ಇರಲಿಲ್ಲ. ಫಾರಂಗಳೆಲ್ಲ ಐದಕ್ಕೆ ಐದು. ಲೈನಿಗೆ ಹೋಗಿ ಕೆಲವು ವಾರ ಕಳೆದವರನ್ನು ಕೂರಿಸಿಕೊಂಡು, ‘ಮೇಡಂ ಹೊಲಿದು ತೋರಿಸುವಾಗ ನೀವೆಲ್ಲ ಎಲ್ಲಿ ನಿಂತಿದ್ದಿರಿ?’ ಎಂದು ಕೇಳಿದಾಗ ಗುಟ್ಟು ಬಯಲಾಯಿತು. ಅವರೆಲ್ಲ ಮೆಷಿನ್ನಿನ ಎದುರುಗಡೆ ನಿಂತಿದ್ದರು. ಟ್ರೈನರ್‌ನ ಎಡಗೈ ಅವರಿಗೆ ಬಲಕ್ಕೆ ಕಾಣುತ್ತಿತ್ತು. ಸೂಜಿಯನ್ನು ಬಟ್ಟೆಯೊಳಗೇ ಇಟ್ಟು, ಪ್ರೆಸರ್ ಫುಟ್ ಎತ್ತಿ, ಬಟ್ಟೆ ತಿರುಗಿಸುವ ಆ ಗಳಿಗೆಯಂತೂ ಮೆಷಿನ್ ತಲೆಯ ಹಿಂದೆ ಮರೆಯಾಗುತ್ತಿತ್ತು. ಯಾರೂ ಕಂಡಿರಲಿಲ್ಲ, ಕಂಡಿಲ್ಲ ಎಂದು ಯಾರೂ ಹೇಳಿರಲಿಲ್ಲ. ಮುಂದಿನ ಬ್ಯಾಚಿನಿಂದ ಆಕೆ ಇಬ್ಬಿಬ್ಬರನ್ನೇ ತನ್ನ ಹೆಗಲ ಹಿಂದೆ ನಿಲ್ಲಿಸಿಕೊಂಡು, ಕೈ ಚಕ್ರ ತಿರುಗಿಸಿ ನಿಧಾನಕ್ಕೆ ತೋರಿಸತೊಡಗಿದರು. ‘ಇದನ್ನು ನನಗೆ ಇಷ್ಟು ವರ್ಷ ಯಾರೂ ಹೇಳಲಿಲ್ಲವಲ್ಲ’ ಎಂದು ಆಕೆ ನೊಂದುಕೊಂಡರು. ಆ ನೋವು ನ್ಯಾಯವಾದದ್ದು. ಐದಕ್ಕೆ ಐದು ಎಂಬ ಕಾಗದಗಳನ್ನು ಆಕೆಗೆ ಬೇಕಾದಷ್ಟು ಕೊಟ್ಟಿದ್ದೆವು. ಕೆಲಸಕ್ಕೆ ಬರುವ ಒಂದು ಮಾತು ಕೊಟ್ಟಿರಲಿಲ್ಲ.

ನಮ್ಮ ಬಹುಪಾಲು ಟ್ರೈನರ್‌ಗಳು ಲೈನಿನಿಂದ ಮೇಲೆ ಬಂದವರು. ಚೆನ್ನಾಗಿ ಹೊಲಿಯುತ್ತಾರೆ ಎಂದು ಅವರನ್ನು ಕರೆತಂದು ಕಲಿಸಲು ನಿಲ್ಲಿಸಿದೆವು. ಕಲಿಸುವುದು ಹೇಗೆಂದು ಅವರಿಗೆ ಯಾರು ಕಲಿಸಿದರು? ಎರಡನೇ ಮಹಾಯುದ್ಧದ ಕಾಲದಲ್ಲಿ, 1940ರಿಂದ 1945ರವರೆಗೆ, ಅಮೆರಿಕದ ಕಾರ್ಖಾನೆಗಳಲ್ಲಿ ‘ಟ್ರೈನಿಂಗ್ ವಿದಿನ್ ಇಂಡಸ್ಟ್ರಿ’ ಎಂಬ ಕಾರ್ಯಕ್ರಮ ನಡೆಯಿತು. ಕೆಲಸ ಕಲಿಸುವವರಿಗೆಂದೇ ಹತ್ತು ಗಂಟೆಯ ಪಾಠ ಅದರಲ್ಲಿತ್ತು. ಕಲಿಯುವವರನ್ನು ಅಣಿಗೊಳಿಸುವುದು, ಮಾಡಿ ತೋರಿಸುವುದು, ಅವರ ಕೈಯಲ್ಲಿ ಮಾಡಿಸಿ ನೋಡುವುದು, ಕೆಲಸಕ್ಕೆ ಹಚ್ಚಿದ ಮೇಲೂ ಹೋಗಿ ವಿಚಾರಿಸುವುದು: ಹೀಗೆ ನಾಲ್ಕು ಹೆಜ್ಜೆ. ಕಲಿಯುವವರಿಗೆ ಬರಲಿಲ್ಲ ಎಂದರೆ ಕಲಿಸುವವರು ಕಲಿಸಿಲ್ಲ ಎಂದೇ ಲೆಕ್ಕ ಎಂಬುದು ಅದರ ಬುನಾದಿ. ನಮ್ಮಲ್ಲಿ ಮೊದಲ ಮೂರು ಹೆಜ್ಜೆ ಹೇಗೋ ನಡೆಯುತ್ತವೆ. ನಾಲ್ಕನೆಯದು ಬಿಟ್ಟೇ ಹೋಗಿದೆ. ಬ್ಯಾಚನ್ನು ಲೈನಿಗೆ ಒಪ್ಪಿಸಿದ ದಿನವೇ ಟ್ರೈನರ್‌ಗೂ ಅವರಿಗೂ ನಂಟು ಕಡಿಯುತ್ತದೆ. ತಾನು ಕಲಿಸಿದ್ದು ಎಲ್ಲಿ ನಿಂತಿತು, ಎಲ್ಲಿ ಸೋತಿತು ಎಂದು ಆಕೆಗೆ ತಿಳಿಯುವುದೇ ಇಲ್ಲ.

ಆದ್ದರಿಂದ ಎರಡು ಸಲ ಕೇಳಿ. ಒಮ್ಮೆ ತರಬೇತಿಯ ನಡುವೆ, ಇನ್ನೂ ತಿದ್ದಿಕೊಳ್ಳಲು ದಿನಗಳಿರುವಾಗ. ಹೇಳಿದ ಬ್ಯಾಚಿಗೇ ಅದರ ಫಲ ಸಿಗಲಿ. ಇನ್ನೊಮ್ಮೆ ಲೈನಿಗೆ ಹೋಗಿ ಮೂರು ನಾಲ್ಕು ವಾರ ಕಳೆದ ಮೇಲೆ. ‘ಮೊದಲ ವಾರ ಗೊತ್ತಾಗದೆ ಕೈ ನಿಂತದ್ದು ಯಾವ ಆಪರೇಷನ್ನಿನಲ್ಲಿ? ಹೇಳಿಕೊಟ್ಟದ್ದಕ್ಕೂ ಇಲ್ಲಿ ಮಾಡಿಸುವುದಕ್ಕೂ ಎಲ್ಲಿ ವ್ಯತ್ಯಾಸ ಇದೆ?’ ಎಂದು ಆಗ ಕೇಳಬಹುದು. ಕೇಳುವವರು ಆ ಟ್ರೈನರ್ ಆಗಿರಬಾರದು, ಲೈನಿನ ಸೂಪರ್‌ವೈಸರ್ ಅಂತೂ ಬೇಡವೇ ಬೇಡ. ಬೇರೆ ಯೂನಿಟ್‌ನ ಟ್ರೈನರ್ ಆಗಬಹುದು, ಕಾರ್ಮಿಕರ ಸಮಿತಿಯಲ್ಲಿರುವ ಹಿರಿಯ ಟೈಲರ್ ಆಗಬಹುದು. ಐದಾರು ಮಂದಿಯನ್ನು ಕೂರಿಸಿಕೊಂಡು ಬಾಯಿಮಾತಿನಲ್ಲೇ ಕೇಳಲಿ, ಹೆಸರು ಬರೆದುಕೊಳ್ಳದಿರಲಿ. ಒಬ್ಬರ ಮಾತಿಗೆ ಇನ್ನೊಬ್ಬರು ‘ಹೌದು, ನನಗೂ ಹಾಗೇ ಆಯಿತು’ ಎನ್ನುವಾಗ ಹೊರಬರುವ ಸಂಗತಿ ಯಾವ ಫಾರಂನಲ್ಲೂ ಬರುವುದಿಲ್ಲ. ಎಲ್ಲರೆದುರು ಹೇಳಲಾಗದ ಮಾತಿಗೆ ಬೇರೆ ದಾರಿ ಇರಲಿ. ಟ್ರೈನರ್ ಮೈ ಮುಟ್ಟಿದರು, ಕೆಟ್ಟ ಮಾತಾಡಿದರು ಎಂಬ ದೂರು ಬಂದರೆ ಅದನ್ನು ಅಭಿಪ್ರಾಯಗಳ ಕಡತದಲ್ಲಿ ಇಡಬೇಡಿ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ ನಿಮ್ಮಲ್ಲಿರಬೇಕಾದ ಆಂತರಿಕ ಸಮಿತಿಗೆ ದೂರು ಕೊಡಲು ನೊಂದ ಹೆಣ್ಣುಮಗಳ ಜೊತೆ ಕೂಡಲೇ ನಿಲ್ಲಿ.

ಬಂದ ಮಾತುಗಳನ್ನು ಲೈನಿನ ಲೆಕ್ಕದ ಪಕ್ಕದಲ್ಲಿಟ್ಟು ಓದಬೇಕು. ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಿಂದ ಬರೆದ ಲೇಖನಗಳಲ್ಲಿ ತರಬೇತಿಯನ್ನು ಅಳೆಯಲು ನಾಲ್ಕು ಮೆಟ್ಟಿಲು ಹೇಳಿದ್ದರು. ಕಲಿತವರಿಗೆ ಹೇಗನ್ನಿಸಿತು ಎಂಬುದು ಮೊದಲನೆಯದು. ಏನು ಕಲಿತರು, ಕೆಲಸದಲ್ಲಿ ನಡೆ ಬದಲಾಯಿತೇ, ಸಂಸ್ಥೆಗೆ ಏನು ಫಲ ಬಂತು ಎಂಬವು ಉಳಿದ ಮೂರು. ಬೇರೆ ಉದ್ಯಮಗಳಿಗೆ ಆ ಮೇಲಿನ ಮೆಟ್ಟಿಲು ಹತ್ತುವುದು ಕಷ್ಟ. ನಮ್ಮಲ್ಲಿ ಆಲ್ಟರ್ ಎಷ್ಟು, ಗಂಟೆಗೆ ಪೀಸ್ ಎಷ್ಟು, ಹಾಜರಿ ಎಷ್ಟು ಎಂಬುದೆಲ್ಲ ದಿನವೂ ದಾಖಲಾಗುತ್ತದೆ. ಆದರೆ ಅಂಕಿಗಳನ್ನಷ್ಟೇ ಹಿಡಿದು ಟ್ರೈನರ್ ಮೇಲೆ ಬೀಳಬೇಡಿ. ಕಫ್ ಕಲಿತವರನ್ನು ಲೈನಿನಲ್ಲಿ ಆಳಿಲ್ಲ ಎಂದು ಓವರ್‌ಲಾಕ್ ಮೇಲೆ ಕೂರಿಸಿರಬಹುದು, ಮೆಷಿನ್ನಿನ ಟೆನ್ಷನ್ನೇ ಸರಿಯಿಲ್ಲದಿರಬಹುದು. ಅದನ್ನು ಹೇಳಬಲ್ಲವರೂ ಕಲಿತವರೇ.

ಇನ್ನು ಟ್ರೈನರ್‌ಗಳ ವಿಷಯ. ಅಭಿಪ್ರಾಯವನ್ನು ಅಂಕ ಮಾಡಿ, ಅಂಕವನ್ನು ಇನ್‌ಕ್ರಿಮೆಂಟ್‌ಗೆ ಗಂಟು ಹಾಕಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಹದಿನೈದು ಮಂದಿಯ ಬ್ಯಾಚಿನಲ್ಲಿ ಇಬ್ಬರು ಮುನಿಸಿಕೊಂಡು ಒಂದೊಂದೇ ಅಂಕ ಕೊಟ್ಟರೆ ಸರಾಸರಿ ಐದರಿಂದ ಸುಮಾರು ನಾಲ್ಕೂವರೆಗೆ ಇಳಿಯುತ್ತದೆ. ಅಷ್ಟರಿಂದ ಒಬ್ಬರ ಯೋಗ್ಯತೆ ಹೇಳುವುದು ಅನ್ಯಾಯ. ಅಂಕದಲ್ಲಿ ಪೂರ್ವಗ್ರಹವೂ ಸೇರಿಕೊಳ್ಳುತ್ತದೆ. 2015ರಲ್ಲಿ ಪ್ರಕಟವಾದ, 43 ವಿದ್ಯಾರ್ಥಿಗಳ ಒಂದು ಸಣ್ಣ ಅಮೆರಿಕನ್ ಪ್ರಯೋಗದಲ್ಲಿ ಆನ್‌ಲೈನ್ ಕೋರ್ಸಿನ ಇಬ್ಬರು ಬೋಧಕರು, ಒಬ್ಬ ಗಂಡು ಒಬ್ಬ ಹೆಣ್ಣು, ತಮ್ಮ ಹೆಸರನ್ನು ಅದಲು ಬದಲು ಮಾಡಿಕೊಂಡು ಕಲಿಸಿದರು. ನಿಜಕ್ಕೂ ಕಲಿಸಿದವರು ಯಾರೇ ಇರಲಿ, ಗಂಡಸು ಎಂದು ವಿದ್ಯಾರ್ಥಿಗಳು ನಂಬಿದವರಿಗೇ ಹೆಚ್ಚು ಅಂಕ ಬಿತ್ತು. ನಮ್ಮ ಕೊಠಡಿಗಳಲ್ಲಿ ಇಂಗ್ಲಿಷ್ ಬೆರೆಸಿ ಮಾತಾಡುವ ಯುವಕ ಟ್ರೈನರ್‌ಗೂ ಏಳನೇ ತರಗತಿ ಓದಿ ಲೈನಿನಿಂದ ಬಂದ ಅಕ್ಕನಿಗೂ ಒಂದೇ ಕಣ್ಣಿನಿಂದ ಅಂಕ ಬೀಳುತ್ತದೆ ಎಂದು ನನಗೆ ನಂಬಿಕೆಯಿಲ್ಲ.

ಹೇಳಿದ್ದನ್ನು ಟ್ರೈನರ್‌ಗೆ ಮುಟ್ಟಿಸುವ ಬಗೆಯೂ ಮುಖ್ಯ. ಕ್ಲೂಗರ್ ಮತ್ತು ಡಿನಿಸಿ 1996ರಲ್ಲಿ ನೂರಾರು ಫಲಿತಾಂಶಗಳನ್ನು ಒಟ್ಟಿಗೆ ನೋಡಿದಾಗ, ಕೆಲಸದ ಬಗ್ಗೆ ಅಭಿಪ್ರಾಯ ತಿಳಿಸಿದ್ದರಿಂದ ಸರಾಸರಿಯಲ್ಲಿ ಒಳಿತೇ ಆಗಿತ್ತು. ಆದರೆ ಮೂರರಲ್ಲೊಂದಕ್ಕಿಂತ ಹೆಚ್ಚು ಕಡೆ ಕೆಲಸ ಇನ್ನಷ್ಟು ಕೆಟ್ಟಿತ್ತು. ಮಾತು ಕೆಲಸವನ್ನು ಬಿಟ್ಟು ಆಳಿನ ಮೇಲೆ ತಿರುಗಿದಷ್ಟೂ ಅದು ಕೆಡುತ್ತದೆ ಎಂಬುದು ಅವರ ವಿವರಣೆ. ‘ನಿಮ್ಮ ಬಗ್ಗೆ ಕಂಪ್ಲೇಂಟ್ ಇದೆ’ ಎಂದು ಕ್ಯಾಬಿನ್‌ಗೆ ಕರೆದರೆ ಆಕೆಗೆ ಅವಮಾನ ಉಳಿಯುತ್ತದೆ, ಮುಂದಿನ ಬ್ಯಾಚಿನಲ್ಲಿ ಹೇಳಿದವರು ಯಾರೆಂದು ಹುಡುಕತೊಡಗುತ್ತಾರೆ. ‘ತೋಳು ಕೂರಿಸುವುದನ್ನು ಕೊನೆಯ ಎರಡು ದಿನಕ್ಕೆ ಬಿಟ್ಟದ್ದರಿಂದ ಕೈಗೆ ಬರಲಿಲ್ಲವಂತೆ, ಮುಂದಿನ ಸಲ ಎಲ್ಲಿ ಹಾಕೋಣ?’ ಎಂದು ಕೇಳಿದರೆ ಆಕೆಯೇ ದಾರಿ ಹೇಳುತ್ತಾರೆ. ಎರಡು ದಿನ ಎಂದು ವೇಳಾಪಟ್ಟಿ ಹಾಕಿದವರು ನೀವೇ ಆಗಿದ್ದರೆ ಅದೂ ಅಲ್ಲೇ ಹೊರಬರುತ್ತದೆ. ಬರಲಿ.

ಕಲಿತವರಿಗೂ ಮರಳಿ ಹೇಳಬೇಕು: ನೀವು ಹೀಗಂದಿರಿ, ನಾವು ಇದನ್ನು ಬದಲಿಸಿದೆವು, ಇದನ್ನು ಬದಲಿಸಲಾಗಲಿಲ್ಲ, ಕಾರಣ ಇದು. ನಮ್ಮ ದೇಶದ್ದೇ ಆದ ಗಾರ್ಮೆಂಟ್ ಕಾರ್ಖಾನೆಗಳಲ್ಲಿ ನಡೆದು 2022ರಲ್ಲಿ ಪ್ರಕಟವಾದ ಒಂದು ಪ್ರಯೋಗವಿದೆ. ನಿರೀಕ್ಷಿಸಿದಷ್ಟು ಸಂಬಳ ಏರದೆ ನಿರಾಶರಾಗಿದ್ದ ಕಾರ್ಮಿಕರಲ್ಲಿ ಕೆಲವರನ್ನು ಆರಿಸಿ, ಕೆಲಸದ ಪರಿಸ್ಥಿತಿ, ಸೂಪರ್‌ವೈಸರ್ ನಡವಳಿಕೆ ಇತ್ಯಾದಿಗಳ ಬಗ್ಗೆ ಹೆಸರು ಹೇಳದೆ ಅಭಿಪ್ರಾಯ ಕೊಡುವ ಅವಕಾಶ ಮಾಡಿಕೊಟ್ಟರು. ಅವಕಾಶ ಸಿಕ್ಕವರಲ್ಲಿ ಕೆಲಸ ಬಿಟ್ಟವರೂ ಗೈರುಹಾಜರಾದವರೂ ಕಡಿಮೆಯಾದರು. ಹೆಚ್ಚು ನಿರಾಶರಾಗಿದ್ದವರಲ್ಲೇ ಅದು ಹೆಚ್ಚು ಕಂಡಿತು. ಕೇಳಿದ್ದಕ್ಕೇ ಇಷ್ಟು. ಕೇಳದಿದ್ದರೆ ಏನಾಗುತ್ತದೆ ಎಂಬುದನ್ನೂ ನಾವು ಕಂಡಿದ್ದೇವೆ. ಭವಿಷ್ಯ ನಿಧಿಯ ಹಣ ತೆಗೆಯುವ ನಿಯಮವನ್ನು ಇವರನ್ನು ಕೇಳದೆ ಬದಲಿಸಿದಾಗ, 2016ರ ಏಪ್ರಿಲ್‌ನಲ್ಲಿ ಸಾವಿರಾರು ಹೆಣ್ಣುಮಕ್ಕಳು ಲೈನ್ ಬಿಟ್ಟು ಹೊಸೂರು ರಸ್ತೆಗೆ ಬಂದರು. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಆ ನಿಯಮ ಹಿಂದಕ್ಕೆ ಪಡೆಯಿತು. ಇವರಿಗೆ ಹೇಳಲು ಬರುವುದಿಲ್ಲ ಎಂದು ಇನ್ನಾದರೂ ಯಾರೂ ಅನ್ನದಿರಲಿ.

ಆಡಳಿತದವರು ಖರ್ಚಿನ ಮಾತು ಎತ್ತುತ್ತಾರೆ. ಅವರಿಗೆ ಬೆಂಗಳೂರಿನದೇ ಲೆಕ್ಕ ತೋರಿಸಿ. ಇಲ್ಲಿನ ಐದು ಗಾರ್ಮೆಂಟ್ ಕಾರ್ಖಾನೆಗಳಲ್ಲಿ ಹೆಣ್ಣುಮಕ್ಕಳಿಗೆ ಮಾತುಕತೆ, ಸಮಯ ಪಾಲನೆ, ಸಮಸ್ಯೆ ಬಿಡಿಸುವಂಥ ಕೌಶಲಗಳನ್ನು ಕಲಿಸಿದ ‘ಪೇಸ್’ ತರಬೇತಿಯನ್ನು ಅರ್ಥಶಾಸ್ತ್ರಜ್ಞರು ಅಳೆದು ನೋಡಿದಾಗ, ಕಲಿತವರ ಉತ್ಪಾದಕತೆ ಉಳಿದವರಿಗಿಂತ 13.5 ಪ್ರತಿಶತ ಹೆಚ್ಚಿತ್ತು. ತರಬೇತಿ ಮುಗಿದ ಎಂಟೇ ತಿಂಗಳಲ್ಲಿ, ಖರ್ಚೆಲ್ಲ ಕಳೆದು, ಹಾಕಿದ ಹಣದ ಎರಡೂವರೆ ಪಟ್ಟು ಲಾಭ ಬಂದಿತ್ತು. ತರಬೇತಿ ಚೆನ್ನಾಗಿ ನಡೆದರೆ ಸಿಗುವುದು ಇಷ್ಟು ದೊಡ್ಡದಿರುವಾಗ, ಅದು ಚೆನ್ನಾಗಿ ನಡೆಯುತ್ತಿದೆಯೇ ಎಂದು ತಿಳಿಯಲು ಬ್ಯಾಚಿಗೆ ಒಂದು ಗಂಟೆ ಕೊಡಲಾರೆವು ಎನ್ನುವುದಕ್ಕೆ ಯಾವ ಆಧಾರವೂ ಇಲ್ಲ.

ಕೊನೆಯದಾಗಿ ಒಂದು ಬೇಡಿಕೆ. ಅಭಿಪ್ರಾಯ ಕೇಳಲು ಊಟದ ಅರ್ಧ ಗಂಟೆಯನ್ನು ಕಸಿಯಬೇಡಿ, ಪಾಳಿ ಮುಗಿದ ಮೇಲೂ ನಿಲ್ಲಿಸಿಕೊಳ್ಳಬೇಡಿ. ಹೊರಗೆ ವ್ಯಾನ್ ಹೊರಡಲು ನಿಂತಿರುತ್ತದೆ, ಮನೆಯಲ್ಲಿ ಅಡುಗೆ ಆಗಬೇಕಿರುತ್ತದೆ. ಕೆಲಸದ ಹೊತ್ತಿನಲ್ಲೇ, ಸಂಬಳದ ಹೊತ್ತಿನಲ್ಲೇ ಕೇಳಿ. ಆ ಹೊತ್ತಿನ ಪೀಸುಗಳನ್ನು ಅವರ ಟಾರ್ಗೆಟ್‌ನಿಂದ ಕಳೆಯುವಂತೆ ಫ್ಲೋರ್ ಇನ್‌ಚಾರ್ಜ್‌ಗೆ ಮೊದಲೇ ಬರೆದು ಕೊಡಿ.

ಇತಿ,
ಗಾರ್ಮೆಂಟ್ ತರಬೇತಿಯಲ್ಲೇ ಬದುಕು ಕಟ್ಟಿಕೊಂಡ, ನಿಮ್ಮ ಕೆಲಸದ ಮೇಲೆ ಗೌರವವಿರುವ ಒಬ್ಬ ಟ್ರೈನರ್